ಗಂಧಕದ ಜಾಗದಲ್ಲಿ ಆಮ್ಲಜನಕ

ಹೋದ ತಿಂಗಳು ಈ ಅಂಕಣದ ವಿಳಾಸಕ್ಕೆ ಒಂದು ಪತ್ರ ಬಂತು. ಗೆರೆ ಹಾಕಿದ ನೋಟ್‌ಬುಕ್ಕಿನ ಎರಡು ಹಾಳೆ, ನೀಲಿ ಶಾಯಿ, ಅಚ್ಚುಕಟ್ಟಾದ ಅಕ್ಷರ. ಬರೆದವಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗಿ. ‘ನನ್ನ ಹೆಸರು, ಊರು ಹಾಕಬೇಡಿ ಸಾರ್’ ಎಂದು ಮೊದಲ ಸಾಲಿನಲ್ಲೇ ಕೇಳಿಕೊಂಡಿದ್ದಾಳೆ. ಹಾಕುವುದಿಲ್ಲ. ಆದರೆ ಅವಳ ಪ್ರಶ್ನೆಯನ್ನು ಹಾಕಲೇಬೇಕು. ಏಕೆಂದರೆ ಅದು ಅವಳೊಬ್ಬಳ ಮನೆಯ ಪ್ರಶ್ನೆಯಲ್ಲ.

ಅವಳ ಸೋದರಮಾವನಿಗೆ ಎಚ್‌ಐವಿ ಸೋಂಕಿದೆ. ಎಷ್ಟೋ ವರ್ಷಗಳಿಂದ ಸರ್ಕಾರಿ ಆಸ್ಪತ್ರೆಯಿಂದ ಮಾತ್ರೆ ತಂದು ನುಂಗುತ್ತಿದ್ದಾರೆ. ಮನೆಗಳಿಗೆ ವೈರಿಂಗ್ ಮಾಡುವ ಕೆಲಸ. ಕೈ ಚುರುಕು ಎಂದು ಊರಿನಲ್ಲಿ ಹೆಸರಿತ್ತಂತೆ. ಈಗೊಂದು ವರ್ಷದಿಂದ ಏನೋ ಬದಲಾಗಿದೆ. ಸ್ವಿಚ್‌ಬೋರ್ಡ್ ಬಿಚ್ಚಿಟ್ಟು ಮುಂದೇನು ಮಾಡಬೇಕೆಂದು ತೋಚದೆ ನಿಂತುಬಿಡುತ್ತಾರೆ. ಕೂಲಿಯ ಲೆಕ್ಕ ತಪ್ಪುತ್ತದೆ. ಸಿನಿಮಾ ನೋಡುತ್ತ ಕೂತರೆ ಅರ್ಧದಲ್ಲಿ ಕಥೆ ಕೈತಪ್ಪಿಹೋಗುತ್ತದೆ. ಮನೆಯ ಹಿರಿಯರೊಬ್ಬರು ‘ಎಲ್ಲ ಆ ಮಾತ್ರೆಯ ಉಷ್ಣ, ನಿಲ್ಲಿಸಿಬಿಡು’ ಎನ್ನುತ್ತಿದ್ದಾರೆ. ಇನ್ನೊಬ್ಬರು ‘ಮೈಗಳ್ಳತನ’ ಎನ್ನುತ್ತಿದ್ದಾರೆ. ಹುಡುಗಿ ಮಾತ್ರ ಎಲ್ಲೋ ಓದಿದ್ದಾಳೆ: ಭಾರತದಲ್ಲಿರುವ ಎಚ್‌ಐವಿ ಮಿದುಳಿಗೆ ಏನೂ ಮಾಡುವುದಿಲ್ಲ, ಬೆಂಗಳೂರಿನ ವಿಜ್ಞಾನಿಗಳೇ ಅದನ್ನು ಕಂಡುಹಿಡಿದಿದ್ದಾರೆ ಎಂದು. ‘ಹಾಗಾದರೆ ನಮ್ಮ ಮಾವನಿಗೆ ಆಗಿರುವುದೇನು ಸಾರ್?’

ನಾನು ವೈದ್ಯನಲ್ಲ, ವಿಜ್ಞಾನದ ಮೇಷ್ಟ್ರು. ಆ ಮಾವನವರನ್ನು ನೋಡಿಯೂ ಇಲ್ಲ. ಆದರೆ ‘ಬೆಂಗಳೂರಿನ ವಿಜ್ಞಾನಿಗಳು’ ಎಂಬ ಭಾಗ ನನ್ನ ಪಾಠದ ವ್ಯಾಪ್ತಿಗೆ ಬರುತ್ತದೆ. ಅವಳು ಓದಿದ್ದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧ ಬಹಳ ಚೆಲುವಾದ ವಿಜ್ಞಾನ; ಉಳಿದರ್ಧ ಅಪಾಯದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. 1981ರ ಜೂನ್ 5ರಂದು ಅಮೆರಿಕದ ಸರ್ಕಾರಿ ಆರೋಗ್ಯ ವಾರಪತ್ರಿಕೆಯೊಂದರಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯದ ವರದಿ ಪ್ರಕಟವಾಯಿತು. ಏಡ್ಸ್ ಎಂದು ಆಮೇಲೆ ಹೆಸರು ಪಡೆದ ರೋಗದ ಮೊದಲ ಸುದ್ದಿ ಅದು. ಕಾರಣವಾದ ವೈರಸ್ಸನ್ನು 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲ್ಯುಕ್ ಮೊಂಟಾನ್ಯೆ ಅವರ ತಂಡ ಬೇರ್ಪಡಿಸಿತು. 1986ರಲ್ಲಿ ಚೆನ್ನೈಯಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಭಾರತದ ಮೊದಲ ಸೋಂಕುಗಳನ್ನು ಪತ್ತೆಮಾಡಿದರು. ಇಷ್ಟು ನಿಮ್ಮಲ್ಲಿ ಹಲವರಿಗೆ ಗೊತ್ತು.

ಅಷ್ಟಾಗಿ ಗೊತ್ತಿಲ್ಲದ್ದು ಅದೇ 1986ರಲ್ಲಿ ನ್ಯೂಯಾರ್ಕಿನಿಂದ ಬಂದ ಇನ್ನೊಂದು ವರದಿ. ಬ್ರ್ಯಾಡ್‌ಫರ್ಡ್ ನೇವಿಯ, ಬ್ಯಾರಿ ಜೋರ್ಡನ್ ಮತ್ತು ರಿಚರ್ಡ್ ಪ್ರೈಸ್ ಎಂಬ ನರವೈದ್ಯರು ಏಡ್ಸ್‌ನಿಂದ ತೀರಿಕೊಂಡ 70 ಮಂದಿಯ ವೃತ್ತಾಂತವನ್ನೂ ಮಿದುಳನ್ನೂ ಒಟ್ಟಿಗೆ ಇಟ್ಟುಕೊಂಡು ಪರಿಶೀಲಿಸಿದರು. ಅವರಲ್ಲಿ 46 ಜನರ ಬುದ್ಧಿಶಕ್ತಿ ಸಾಯುವ ಮೊದಲು ಹಂತಹಂತವಾಗಿ ಕುಸಿದಿತ್ತು. ಮೊದಲು ಮರೆವು, ಗಮನ ನಿಲ್ಲದಿರುವುದು, ಎಲ್ಲದರಲ್ಲೂ ನಿಧಾನ. ಆಮೇಲೆ ಕೈ ನಡುಕ, ಕಾಲಿನಲ್ಲಿ ಬಲವಿಲ್ಲದಿರುವುದು, ಸೂಕ್ಷ್ಮ ಕೆಲಸಕ್ಕೆ ಬೆರಳು ಒಗ್ಗದಿರುವುದು. ಕೆಲವರು ಯಾವುದರಲ್ಲೂ ಆಸಕ್ತಿ ಇಲ್ಲದೆ ಮೂಲೆ ಹಿಡಿದು ಕೂರುತ್ತಿದ್ದರು. (ಇದನ್ನೇ ನಮ್ಮ ಮನೆಗಳಲ್ಲಿ ‘ಮೈಗಳ್ಳತನ’ ಎನ್ನುವುದು.) ಅಲ್ಲಿಯತನಕ ಇದು ರೋಗನಿರೋಧಕ ಶಕ್ತಿಯನ್ನು ಮಾತ್ರ ಕಡಿಯುವ ರೋಗ, ಮಿದುಳಿಗೆ ಆಗುವ ತೊಂದರೆಯೆಲ್ಲ ಬೇರೆ ಸೋಂಕುಗಳಿಂದ ಎಂಬ ಭಾವನೆಯಿತ್ತು. ಈ ವರದಿ ಆ ಭಾವನೆಯನ್ನು ಬದಲಿಸಿತು. ರಿಚರ್ಡ್ ಪ್ರೈಸ್ ಎಂಬ ಹೆಸರನ್ನು ನೆನಪಿಡಿ, ಕೊನೆಯ ಭಾಗದಲ್ಲಿ ಅವರು ಮತ್ತೆ ಬರುತ್ತಾರೆ.

ಮಿದುಳಿಗೆ ಒಂದು ಕೋಟೆಗೋಡೆಯಿದೆ. 1885ರಲ್ಲಿ ಜರ್ಮನಿಯ ಪಾಲ್ ಏರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಚುಚ್ಚಿ ನೋಡಿದಾಗ ಅಂಗಾಂಗಗಳೆಲ್ಲ ಬಣ್ಣ ಹಿಡಿದವು, ಮಿದುಳು ಮಾತ್ರ ಬೆಳ್ಳಗೇ ಉಳಿಯಿತು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ಮಿದುಳ ಸುತ್ತಲಿನ ದ್ರವಕ್ಕೇ ಚುಚ್ಚಿದರು. ಈಗ ಮಿದುಳು ಬಣ್ಣ ಹಿಡಿಯಿತು, ಉಳಿದ ದೇಹ ಹಿಡಿಯಲಿಲ್ಲ! ನಡುವೆ ಏನೋ ಒಂದು ತಡೆ ಇದೆ ಎಂದಾಯಿತು. ಮಿದುಳಿನ ಲೋಮನಾಳಗಳ ಒಳಗೋಡೆಯ ಕೋಶಗಳು ಸಂದಿಲ್ಲದಂತೆ ಒಂದಕ್ಕೊಂದು ಬೆಸೆದುಕೊಂಡಿರುವುದೇ ಆ ತಡೆ. ಹಾಗಾದರೆ ಎಚ್‌ಐವಿ ಒಳಗೆ ಹೋಗುವುದು ಹೇಗೆ?

ಕೋಟೆಯ ಕಾವಲುಗಾರರ ಚೀಲದಲ್ಲಿ ಅಡಗಿ. ರಕ್ತದಲ್ಲಿ ಮಾನೊಸೈಟ್ ಎಂಬ ಬಿಳಿ ರಕ್ತಕಣಗಳಿವೆ. ಅವು ರಕ್ತನಾಳದಿಂದ ಹೊರಬಿದ್ದು ಅಂಗಾಂಶಗಳಲ್ಲಿ ಮಹಾಭಕ್ಷಕ ಕೋಶಗಳಾಗಿ ಬೆಳೆಯುತ್ತವೆ. ಕಸ, ರೋಗಾಣು ಎಲ್ಲವನ್ನೂ ನುಂಗುವುದು ಅವುಗಳ ಕೆಲಸ. ಕೆಲವು ಮಾನೊಸೈಟ್‌ಗಳಿಗೆ ಮಿದುಳಿಗೂ ಪ್ರವೇಶವುಂಟು. ಸೋಂಕು ತಗಲಿದ ಮಾನೊಸೈಟ್ ಒಳಗೆ ಹೋದರೆ ವೈರಸ್ಸೂ ಹೋದ ಹಾಗೆಯೇ. ಇದು ತಡವಾಗಿ ನಡೆಯುವ ಸಂಗತಿಯೂ ಅಲ್ಲ. ಬ್ಯಾಂಕಾಕಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕು ತಗಲಿ ಬರೀ 8 ದಿನವಾಗಿದೆ ಎಂದು ಅಂದಾಜಾದ ವ್ಯಕ್ತಿಯ ಮಿದುಳುಬಳ್ಳಿಯ ದ್ರವದಲ್ಲೇ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತು.

ಇಲ್ಲೊಂದು ವಿಚಿತ್ರ. ನರಕೋಶಗಳೊಳಗೆ ಎಚ್‌ಐವಿ ಹೋಗುವುದಿಲ್ಲ. ಅದು ಮನೆಮಾಡುವುದು ಮಹಾಭಕ್ಷಕಗಳಲ್ಲಿ ಮತ್ತು ಮಿದುಳಿನದೇ ಕಾವಲು ಕೋಶಗಳಾದ ಮೈಕ್ರೊಗ್ಲಿಯಗಳಲ್ಲಿ. ಆದರೂ ಸೊರಗುವುದು ನರಕೋಶ. ಸೋಂಕಿತ ಕಾವಲು ಕೋಶಗಳು ಕೆರಳಿ ಚೆಲ್ಲುವ ರಾಸಾಯನಿಕಗಳು, ವೈರಸ್ಸಿನ ಬಿಡಿ ಪ್ರೋಟೀನ್‌ಗಳು ನರಕೋಶಗಳ ಕೊಂಬೆಗಳನ್ನು, ಅವುಗಳ ನಡುವಣ ಸಂಪರ್ಕಗಳನ್ನು ಹಾಳುಮಾಡುತ್ತವೆ. ಪಕ್ಕದ ಮನೆಯ ಜಗಳಕ್ಕೆ ನಮ್ಮ ಮನೆಯ ಹಂಚು ಒಡೆದ ಹಾಗೆ.

ಹಾಗೆ ಹೊರಬೀಳುವ ಪ್ರೋಟೀನ್‌ಗಳಲ್ಲಿ ಒಂದರ ಹೆಸರು ‘ಟ್ಯಾಟ್’. ನಮ್ಮ ಕಥೆಯ ನಾಯಕ ಇದೇ. ಸುಮಾರು ನೂರು ಅಮೈನೊ ಆಮ್ಲಗಳ ಪುಟ್ಟ ಸರ. ವೈರಸ್ಸಿನ ಜೀನ್‌ಗಳ ನಕಲು ವೇಗವಾಗಿ ಆಗುವಂತೆ ಮಾಡುವುದು ಅದರ ಮುಖ್ಯ ಉದ್ಯೋಗ. ಅದಿಲ್ಲದೆ ವೈರಸ್ ಬೆಳೆಯದು. ಜೊತೆಗೆ ಒಂದು ಉಪಕಸುಬೂ ಇದೆ: ಕೋಶದಿಂದ ಹೊರಬಿದ್ದ ಟ್ಯಾಟ್ ಮಾನೊಸೈಟ್‌ಗಳನ್ನು ತನ್ನತ್ತ ಸೆಳೆಯುತ್ತದೆ. ಬೆಲ್ಲದ ವಾಸನೆಗೆ ಇರುವೆ ಬರುವಂತೆ ಮಾನೊಸೈಟ್‌ಗಳು ಆ ಕಡೆ ಸಾಗುತ್ತವೆ. ದೇಹ ತಾನೇ ಈ ಕೆಲಸಕ್ಕೆಂದು ತಯಾರಿಸುವ ‘ಕೀಮೊಕೈನ್’ ಎಂಬ ಪ್ರೋಟೀನ್‌ಗಳ ಒಂದು ಗುಂಪಿನಲ್ಲಿ ಎರಡು ಸಿಸ್ಟೀನ್ ಅಮೈನೊ ಆಮ್ಲಗಳು ಒತ್ತೊತ್ತಿಗೆ ಇರುತ್ತವೆ. ಟ್ಯಾಟ್‌ನಲ್ಲೂ 30 ಮತ್ತು 31ನೆಯ ಸ್ಥಾನಗಳಲ್ಲಿ ಅಂಥದೇ ಜೋಡಿ ಸಿಸ್ಟೀನ್ ಇದೆ. ನಕಲಿ ಮುದ್ರೆ ಒತ್ತಿದ ಕಾಗದದ ಹಾಗೆ.

ಈಗ ಬೆಂಗಳೂರಿಗೆ ಬರೋಣ. ಎಚ್‌ಐವಿಯಲ್ಲಿ ಹಲವು ಉಪಜಾತಿಗಳು. ಅಮೆರಿಕ, ಯೂರೋಪುಗಳಲ್ಲಿ ಹೆಚ್ಚಾಗಿರುವುದು ‘ಬಿ’. ಭಾರತದಲ್ಲಿ, ಆಫ್ರಿಕದ ದಕ್ಷಿಣ ಭಾಗದಲ್ಲಿ ‘ಸಿ’. ವೈದ್ಯರು ಒಂದು ವ್ಯತ್ಯಾಸವನ್ನು ಗಮನಿಸಿದ್ದರು. ಅಮೆರಿಕ, ಯೂರೋಪುಗಳಲ್ಲಿ ಎಚ್‌ಐವಿಯಿಂದ ಡಿಮೆನ್ಷಿಯ, ಅಂದರೆ ತೀವ್ರವಾದ ಬುದ್ಧಿಕುಸಿತ, ಶೇ 15ರಿಂದ 30 ಎಂದು ವರದಿಯಾಗಿದ್ದರೆ ಭಾರತದಲ್ಲಿ ಶೇ 1ರಿಂದ 2 ಮಾತ್ರ. ಏಕೆ? ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಈ ಪ್ರಶ್ನೆ ಹಿಡಿದರು. ನಿಮ್ಹಾನ್ಸ್‌ನ ಪಿ. ಸತೀಶ್‌ಚಂದ್ರ, ಎಸ್.ಕೆ. ಶಂಕರ್, ಅನಿತಾ ಮಹದೇವನ್, ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನ ವಿನಾಯಕ ಪ್ರಸಾದ್ ಮೊದಲಾದವರು ಜೊತೆಗೂಡಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಒಂಬತ್ತು ಉಪಜಾತಿಗಳ ಟ್ಯಾಟ್ ಸರಗಳನ್ನು ಅವರು ಸಾಲಾಗಿ ಜೋಡಿಸಿ ಹೋಲಿಸಿದರು. 31ನೆಯ ಸ್ಥಾನದಲ್ಲಿ ‘ಸಿ’ ಬಿಟ್ಟು ಉಳಿದವುಗಳಲ್ಲಿ ಶೇ 99ಕ್ಕೂ ಮಿಕ್ಕಿ ಸಿಸ್ಟೀನ್ ಇತ್ತು. ‘ಸಿ’ಯಲ್ಲಿ ಮಾತ್ರ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಅಲ್ಲಿ ಸೆರೀನ್ ಇತ್ತು. ಜೋಡಿ ಮುರಿದಿತ್ತು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿಸ್ಟೀನ್‌ಗೂ ಸೆರೀನ್‌ಗೂ ಏನು ವ್ಯತ್ಯಾಸ? ಎರಡರ ರಚನೆಯನ್ನೂ ಬರೆದು ನೋಡಿ. ಒಂದರ ತುದಿಯಲ್ಲಿ ಗಂಧಕ ಮತ್ತು ಜಲಜನಕ, ಇನ್ನೊಂದರ ತುದಿಯಲ್ಲಿ ಆಮ್ಲಜನಕ ಮತ್ತು ಜಲಜನಕ. ಉಳಿದದ್ದೆಲ್ಲ ಒಂದೇ. ಆವರ್ತ ಕೋಷ್ಟಕದಲ್ಲಿ ಆಮ್ಲಜನಕದ ಕೆಳಗಿನ ಮನೆಯಲ್ಲೇ ಗಂಧಕ. ಒಂದೇ ಗುಂಪು, ಹೊರಕವಚದಲ್ಲಿ ತಲಾ ಆರು ಎಲೆಕ್ಟ್ರಾನ್. ಪರೀಕ್ಷೆಯಲ್ಲಿ ‘ಒಂದೇ ಗುಂಪಿನ ಧಾತುಗಳ ಗುಣಗಳು ಹೋಲುತ್ತವೆ’ ಎಂದು ಬರೆದು ಅಂಕ ಪಡೆಯುತ್ತೀರಿ, ಸರಿಯೇ. ಆದರೆ ಹೋಲುವುದು ಬೇರೆ, ಅದೇ ಆಗುವುದು ಬೇರೆ. ಗಂಧಕದ ಪರಮಾಣು ದೊಡ್ಡದು. ಎರಡು ಸಿಸ್ಟೀನ್‌ಗಳ ಗಂಧಕಗಳು ಕೈಕೈ ಹಿಡಿದು ಬಂಧ ಕಟ್ಟಬಲ್ಲವು, ಸತುವಿನಂಥ ಲೋಹದ ಅಯಾನನ್ನು ಹಿಡಿದಿಡಬಲ್ಲವು. ಪ್ರೋಟೀನ್ ಯಾವ ಆಕಾರಕ್ಕೆ ಮಡಚಿಕೊಳ್ಳಬೇಕೆಂಬುದು ಇಂಥ ಹಿಡಿತಗಳಿಂದಲೇ ತೀರ್ಮಾನವಾಗುವುದು. ನಿಮ್ಮ ತಲೆಗೂದಲು ಗಟ್ಟಿಯಾಗಿರುವುದು, ಸುಟ್ಟರೆ ಆ ಕಮಟು ವಾಸನೆ ಬರುವುದು, ಎರಡಕ್ಕೂ ಸಿಸ್ಟೀನ್‌ನ ಗಂಧಕವೇ ಕಾರಣ. ಸೆರೀನ್‌ನ ಆಮ್ಲಜನಕಕ್ಕೆ ಆ ಹಿಡಿತ ಬಾರದು.

ಇಷ್ಟು ದೊಡ್ಡ ಬದಲಾವಣೆಗೆ ಆನುವಂಶಿಕ ಬರಹದಲ್ಲಿ ಎಷ್ಟು ತಿದ್ದಬೇಕು? ಒಂದೇ ಅಕ್ಷರ. ‘ಯು ಜಿ ಸಿ’ ಎಂದಿದ್ದರೆ ಸಿಸ್ಟೀನ್, ‘ಎ ಜಿ ಸಿ’ ಎಂದಾದರೆ ಸೆರೀನ್.

ಆದರೆ ವ್ಯತ್ಯಾಸ ಕಂಡಿತು ಎಂದ ಮಾತ್ರಕ್ಕೆ ಅದೇ ಕಾರಣ ಎಂದಾಗುವುದಿಲ್ಲ. ‘ಸಿ’ ಉಪಜಾತಿಯ ಟ್ಯಾಟ್‌ನಲ್ಲಿ ಕನಿಷ್ಠ ಆರು ಸ್ಥಾನಗಳಲ್ಲಿ ಬೇರೆತನವಿತ್ತು. ಅದಕ್ಕಾಗಿ ರಂಗ ಅವರ ತಂಡ ಮಾಡಿದ್ದು ನನಗೆ ಬಹಳ ಇಷ್ಟವಾದ ಕೆಲಸ. ‘ಸಿ’ ಟ್ಯಾಟನ್ನೇ ತೆಗೆದುಕೊಂಡು ಮೂರು ಮಾದರಿ ಇಟ್ಟುಕೊಂಡರು. ಒಂದು, ಪ್ರಕೃತಿಯಲ್ಲಿ ಇರುವಂಥದು: 30ರಲ್ಲಿ ಸಿಸ್ಟೀನ್, 31ರಲ್ಲಿ ಸೆರೀನ್. ಎರಡನೆಯದರಲ್ಲಿ 31ನೆಯ ಜಾಗಕ್ಕೆ ಸಿಸ್ಟೀನ್ ಕೂರಿಸಿ ಜೋಡಿಯನ್ನು ಮರಳಿ ಕೊಟ್ಟರು. ಮೂರನೆಯದರಲ್ಲಿ ತಿರುವುಮುರುವು ಮಾಡಿದರು: 30ರಲ್ಲಿ ಸೆರೀನ್, 31ರಲ್ಲಿ ಸಿಸ್ಟೀನ್. ಉಳಿದ ಸರ ಮೂರರಲ್ಲೂ ಒಂದೇ. ಈಗ ಯಾವುದು ಮಾನೊಸೈಟ್‌ಗಳನ್ನು ಸೆಳೆಯುತ್ತದೆ ನೋಡಬೇಕು. (ಇಂಥ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಸಣ್ಣ ರಂಧ್ರಗಳ ಪೊರೆಯೊಂದರ ಮೇಲೆ ಕೋಶಗಳನ್ನೂ ಕೆಳಗೆ ಪ್ರೋಟೀನನ್ನೂ ಇಟ್ಟು, ಎಷ್ಟು ಕೋಶ ನುಸುಳಿ ಕೆಳಗಿಳಿದವು ಎಂದು ಎಣಿಸುತ್ತಾರೆ.) ಪ್ರಕೃತಿಯ ‘ಸಿ’ ಟ್ಯಾಟ್ ವೈರಸ್ ಬೆಳೆಸುವ ಮುಖ್ಯ ಕೆಲಸವನ್ನು ಚೆನ್ನಾಗಿಯೇ ಮಾಡಿತು, ಮಾನೊಸೈಟ್ ಸೆಳೆಯುವುದರಲ್ಲಿ ಸೋತಿತು. ಜೋಡಿ ಮರಳಿಸಿದ ಟ್ಯಾಟ್ ಎರಡನ್ನೂ ಮಾಡಿತು. ತಿರುವುಮುರುವಾದದ್ದು ಎರಡರಲ್ಲೂ ಕೈಚೆಲ್ಲಿತು. ಒಂದೇ ಸ್ಥಾನ ಬದಲಿಸಿ, ಉಳಿದದ್ದನ್ನು ಹಾಗೇ ಇಟ್ಟು ನೋಡುವುದು. ನಿಮ್ಮ ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತೀರಲ್ಲ, ಅದೇ ಕ್ರಮ.

2008ರಲ್ಲಿ ವಿನಾಯಕ ಪ್ರಸಾದ್ ಅವರ ತಂಡ ಇಲಿಗಳ ಮೇಲೆ ಪರೀಕ್ಷಿಸಿತು. ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಇಲಿಗಳ ಮಿದುಳಿಗೆ ಎಚ್‌ಐವಿ ಸೋಂಕಿತ ಮನುಷ್ಯ ಮಹಾಭಕ್ಷಕಗಳನ್ನು ಇಟ್ಟು, ನೀರಿನ ಚಕ್ರವ್ಯೂಹದಲ್ಲಿ ದಾರಿ ಹುಡುಕಲು ಬಿಟ್ಟರು. ‘ಬಿ’ ವೈರಸ್ ಪಡೆದ ಇಲಿಗಳು ಭಾರತದ ‘ಸಿ’ ವೈರಸ್ ಪಡೆದವಕ್ಕಿಂತ ಹೆಚ್ಚು ಸಲ ದಾರಿ ತಪ್ಪಿದವು. ಅದೇ ವರ್ಷ ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಪಂಕಜ್ ಸೇಠ್ ಮತ್ತು ರಂಗ ಅವರ ತಂಡಗಳು ಒಟ್ಟಾಗಿ, ಮನುಷ್ಯ ನರಕೋಶಗಳಿಗೆ ‘ಬಿ’ಯ ಟ್ಯಾಟ್ ‘ಸಿ’ಯದಕ್ಕಿಂತ ಹೆಚ್ಚು ವಿಷಕಾರಿ ಎಂದು ತೋರಿಸಿದವು. 2013ರಲ್ಲಿ ಇನ್ನೊಂದು ತಿರುವು: ಆಫ್ರಿಕದ ದಕ್ಷಿಣ ಭಾಗದ ‘ಸಿ’ ವೈರಸ್‌ಗಳಲ್ಲಿ ಜೋಡಿ ಸಿಸ್ಟೀನ್ ಇರುವವು ನಮ್ಮ ಕಡೆಗಿಂತ ಹೆಚ್ಚು, ಅವು ಇಲಿಗಳ ಮಿದುಳಿಗೆ ಹೆಚ್ಚು ತೊಂದರೆ ಕೊಡುತ್ತವೆ. ಅಂದರೆ ‘ಸಿ’ ಎಂಬ ಹಣೆಪಟ್ಟಿ ಮುಖ್ಯವಲ್ಲ, ಆ 31ನೆಯ ಮನೆಯಲ್ಲಿ ಯಾರಿದ್ದಾರೆ ಎಂಬುದು ಮುಖ್ಯ.

ಇದು ಚೆಲುವಾದ ಅರ್ಧ. ಹುಡುಗಿ ಓದಿದ್ದು ಇದನ್ನೇ. ಆದರೆ ‘ಕಡಿಮೆ’ ಎನ್ನುವುದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬರುವಷ್ಟರಲ್ಲಿ ‘ಇಲ್ಲ’ ಎಂದಾಗಿಬಿಟ್ಟಿದೆ. 2004ರ ಆ ಲೇಖನದಲ್ಲೇ ‘ಇದು ಅಂತಿಮ ಪುರಾವೆಯಲ್ಲ’ ಎಂಬ ಅರ್ಥದ ಮಾತಿದೆ. ವಿಜ್ಞಾನಿಗಳು ಎಚ್ಚರದಿಂದ ಬರೆದದ್ದನ್ನು ಎರಡನೆಯ, ಮೂರನೆಯ ಕೈಯವರು ಬಿಟ್ಟುಬಿಡುತ್ತಾರೆ. ತಲೆಬರಹಕ್ಕೆ ಎಚ್ಚರಿಕೆಯ ಮಾತು ಒಗ್ಗುವುದಿಲ್ಲ.

ಭಾರತದಲ್ಲಿ ಡಿಮೆನ್ಷಿಯ ಕಡಿಮೆ ಕಂಡದ್ದಕ್ಕೆ ಬೇರೆ ಕಾರಣಗಳೂ ಇದ್ದಿರಬೇಕು. 1989ರಿಂದ 1996ರ ನಡುವೆ ನಿಮ್ಹಾನ್ಸ್‌ಗೆ ನರದೋಷದಿಂದ ಬಂದ ಎಚ್‌ಐವಿ ರೋಗಿಗಳ ವಿವರವನ್ನು ಸತೀಶ್‌ಚಂದ್ರ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದರು. ಅಲ್ಲಿ ಎದ್ದು ಕಾಣುವುದು ಕ್ಷಯದ ಮತ್ತು ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದ ಮಿದುಳುಪೊರೆಯ ಉರಿಯೂತ. ಆಗಿನ್ನೂ ನಮ್ಮಲ್ಲಿ ಉಚಿತ ಔಷಧಿ ಇರಲಿಲ್ಲ. ನಿಧಾನವಾಗಿ ಬುದ್ಧಿ ಮಂಕಾಗುವ ಹಂತ ಬರುವ ಮೊದಲೇ ಕ್ಷಯ ಜನರನ್ನು ಒಯ್ಯುತ್ತಿತ್ತು. ಬದುಕಿದ್ದವರಲ್ಲಿ ಸಣ್ಣಪುಟ್ಟ ಮರೆವನ್ನು ಅಳೆಯಲು ಯಾರಿಗೆ ಪುರುಸೊತ್ತಿತ್ತು?

ಅಳೆದಾಗ ಏನಾಯಿತು? 2007ರಲ್ಲಿ ನಿಮ್ಹಾನ್ಸ್‌ನಿಂದಲೇ ಇನ್ನೊಂದು ವರದಿ ಬಂತು. ಔಷಧಿ ಇನ್ನೂ ಆರಂಭಿಸದ 119 ಎಚ್‌ಐವಿ ಸೋಂಕಿತರಿಗೆ ಸ್ಮರಣೆ, ಗಮನ, ಪದ ಹೊಳೆಯುವ ವೇಗ ಮುಂತಾದವುಗಳ ಪರೀಕ್ಷೆ ನಡೆಸಿದಾಗ ಶೇ 60.5 ಮಂದಿಯಲ್ಲಿ ಸೌಮ್ಯ ಅಥವಾ ಮಧ್ಯಮ ಪ್ರಮಾಣದ ಕೊರತೆ ಕಂಡಿತು. ತೀವ್ರ ಕುಸಿತ ಯಾರಲ್ಲೂ ಇರಲಿಲ್ಲ. ಎರಡು ವರದಿಗಳಲ್ಲಿ ವಿರೋಧವೇನೂ ಇಲ್ಲ, ಗಮನಿಸಿ. ದೊಡ್ಡ ಕುಸಿತ ಅಪರೂಪ. ಸಣ್ಣ ಕೊರತೆ ಅಪರೂಪವಲ್ಲ. ಎರಡೂ ಬೆಂಗಳೂರಿನವೇ, ಹಲವು ಹೆಸರುಗಳೂ ಒಂದೇ. ಮೊದಲನೆಯದು ಮಾತ್ರ ಊರೂರಿಗೆ ತಲುಪಿತು.

ಸಣ್ಣ ಕೊರತೆ ಎಂದೆ. ಅದನ್ನು ಅಳೆಯುವುದರಲ್ಲೂ ಒಂದು ತೊಡಕಿದೆ. 2007ರಲ್ಲಿ ಇಟಲಿಯ ಫ್ರಸ್ಕಾಟಿ ಪಟ್ಟಣದ ಹೆಸರಿನ ಮಾನದಂಡವೊಂದು ಬಂತು. ಎರಡು ಅಥವಾ ಹೆಚ್ಚು ವಿಭಾಗಗಳಲ್ಲಿ ಸರಾಸರಿಗಿಂತ ಒಂದು ‘ಮಾನಕ ವಿಚಲನೆ’ಯಷ್ಟು ಕೆಳಗಿದ್ದರೆ ಕೊರತೆ ಎಂದು ಲೆಕ್ಕ. 2010ರಲ್ಲಿ ರಾಬರ್ಟ್ ಹೀಟನ್ ಮತ್ತು ಸಂಗಡಿಗರು ಅಮೆರಿಕದ 1,555 ಸೋಂಕಿತರನ್ನು ಈ ಅಳತೆಗೋಲಿನಲ್ಲಿ ಅಳೆದರು: ಶೇ 52ರಷ್ಟು ಜನರಲ್ಲಿ ಒಂದಲ್ಲ ಒಂದು ಕೊರತೆ, ಅದರಲ್ಲಿ ಹೆಚ್ಚಿನದು ದಿನದ ಬದುಕಿಗೆ ಅಡ್ಡಿಯಾಗದಂಥದು; ನಿಜವಾದ ಡಿಮೆನ್ಷಿಯ ಶೇ 2 ಮಾತ್ರ. ಆದರೆ ಅಂಕಗಣಿತ ಬಲ್ಲವರು ಯೋಚಿಸಿ. ಗಂಟೆಯಾಕಾರದ ವಕ್ರರೇಖೆಯಲ್ಲಿ ಒಂದು ಮಾನಕ ವಿಚಲನೆಗಿಂತ ಕೆಳಗೆ ಯಾವುದೇ ಆರೋಗ್ಯವಂತ ಗುಂಪಿನಲ್ಲೂ ಶೇ 16ರಷ್ಟು ಜನ ಇದ್ದೇ ಇರುತ್ತಾರೆ. ಹಲವು ವಿಭಾಗಗಳಲ್ಲಿ ಪರೀಕ್ಷಿಸಿ ಯಾವುದಾದರೂ ಎರಡರಲ್ಲಿ ಕಡಿಮೆ ಬಂದರೆ ಸಾಕು ಎಂದರೆ, ಏನೂ ಆಗದವರೂ ಸಿಕ್ಕಿಬೀಳುತ್ತಾರೆ. 2011ರಲ್ಲಿ ಸ್ವೀಡನ್ನಿನ ಮಾಗ್ನುಸ್ ಗಿಸ್ಲೆನ್ ಮತ್ತು ಜೊತೆಗಾರರು ಲೆಕ್ಕ ಹಾಕಿ, ಹಾಗೆ ಸಿಕ್ಕಿಬೀಳುವ ಆರೋಗ್ಯವಂತರು ಶೇ 20ರಷ್ಟು ಎಂದು ತೋರಿಸಿದರು. ಆ ಜೊತೆಗಾರರಲ್ಲಿ ಒಬ್ಬರು ಯಾರು ಗೊತ್ತೆ? 1986ರ ಅದೇ ರಿಚರ್ಡ್ ಪ್ರೈಸ್. ರೋಗಕ್ಕೆ ಹೆಸರಿಟ್ಟ ಮನುಷ್ಯನೇ ಇಪ್ಪತ್ತೈದು ವರ್ಷಗಳ ಮೇಲೆ ‘ನಾವು ಅದನ್ನು ಹೆಚ್ಚಾಗಿ ಎಣಿಸುತ್ತಿದ್ದೇವೆಯೆ?’ ಎಂದು ಕೇಳಿದ್ದು. 2023ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಬರೀ ಅಂಕ ನೋಡಿ ಹಣೆಪಟ್ಟಿ ಅಂಟಿಸುವುದು ಬೇಡ, ಮನುಷ್ಯನ ದೂರು ಮತ್ತು ಅದಕ್ಕಿರಬಹುದಾದ ಎಲ್ಲ ಕಾರಣಗಳನ್ನು ನೋಡಿ ಎಂದು ಸಲಹೆ ಮಾಡಿತು.

ಹಾಗಾಗಿ ಮಾವನವರ ವಿಷಯ. ಇಲ್ಲಿ ಬರೀ ಅಂಕದ ಪ್ರಶ್ನೆಯಿಲ್ಲ. ನಿತ್ಯದ ಕಸುಬಿಗೇ ಅಡ್ಡಿಯಾಗಿದೆ, ಒಂದು ವರ್ಷದಲ್ಲಿ ಬದಲಾವಣೆ ಕಾಣುವಷ್ಟಾಗಿದೆ. ಇದನ್ನು ವೈದ್ಯರು ನೋಡಲೇಬೇಕು. ಕಾರಣ ಎಚ್‌ಐವಿಯೇ ಆಗಿರಬೇಕೆಂದಿಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಖಿನ್ನತೆ, ಕುಡಿತ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಲ್ಲವೂ ಇಂಥ ಮಂಕು ತರಬಲ್ಲವು. ಇವುಗಳಲ್ಲಿ ಹಲವು ಸುಲಭವಾಗಿ ಗುಣವಾಗುವಂಥವು. ಮಿದುಳುಪೊರೆಯ ಕ್ಷಯದಂಥವು ತಡಮಾಡದೆ ಹುಡುಕಬೇಕಾದಂಥವು.

ಇನ್ನು ‘ಮಾತ್ರೆಯ ಉಷ್ಣ’. ಈ ಮಾತನ್ನು ಪೂರ್ತಿ ತಳ್ಳಿಹಾಕಿದರೆ ಅಪ್ರಾಮಾಣಿಕನಾಗುತ್ತೇನೆ. ವರ್ಷಗಟ್ಟಲೆ ಬಳಕೆಯಲ್ಲಿದ್ದ ಎಫಾವಿರೆಂಜ್ ಎಂಬ ಔಷಧಿ ಕೆಲವರಲ್ಲಿ ತಲೆಸುತ್ತು, ವಿಚಿತ್ರ ಕನಸು, ಗಮನ ನಿಲ್ಲದಿರುವುದು ಇವನ್ನು ತರುತ್ತಿತ್ತು. ಈಚಿನ ವರ್ಷಗಳಲ್ಲಿ ನಮ್ಮ ಸರ್ಕಾರಿ ಕಾರ್ಯಕ್ರಮ ಹೆಚ್ಚಿನವರಿಗೆ ಅದರ ಬದಲು ಡೊಲುಟೆಗ್ರಾವಿರ್ ಇರುವ ಮಾತ್ರೆ ಕೊಡುತ್ತಿದೆ. ಮಾತ್ರೆಯಿಂದಲೇ ತೊಂದರೆ ಎಂದಾದರೆ ವೈದ್ಯರು ಮಾತ್ರೆ ಬದಲಿಸುತ್ತಾರೆ. ನಿಲ್ಲಿಸುವುದು ಬೇರೆ ಮಾತು. ನಿಲ್ಲಿಸಿ ನೋಡುವ ಪ್ರಯೋಗವೂ ನಡೆದಿದೆ: ‘ಸ್ಮಾರ್ಟ್’ ಎಂಬ ಹೆಸರಿನ, 5,472 ಮಂದಿಯ ಅಧ್ಯಯನ, 2006ರಲ್ಲಿ ಪ್ರಕಟವಾದದ್ದು. ನಡುನಡುವೆ ಔಷಧಿ ನಿಲ್ಲಿಸಿದವರಲ್ಲಿ ತೀವ್ರ ಸೋಂಕು ಅಥವಾ ಸಾವಿನ ಸಂಭವ, ನಿಲ್ಲಿಸದವರಿಗಿಂತ ಎರಡೂವರೆ ಪಟ್ಟಿನಷ್ಟಿತ್ತು. ಪ್ರಯೋಗವನ್ನೇ ಅವಧಿಗೆ ಮೊದಲು ನಿಲ್ಲಿಸಬೇಕಾಯಿತು.

ಔಷಧಿ ಮಿದುಳನ್ನು ಕೆಡಿಸುವುದಿರಲಿ, ತಿದ್ದಿದ್ದಕ್ಕೇ ಹಳೆಯ ಸಾಕ್ಷಿಯಿದೆ. 1988ರಲ್ಲಿ ಅಮೆರಿಕದ ಫಿಲಿಪ್ ಪಿಜ್ಜೊ ಮತ್ತು ಸಂಗಡಿಗರು 21 ಸೋಂಕಿತ ಮಕ್ಕಳಿಗೆ ಏಜೆಡ್‌ಟಿ ಎಂಬ ಮೊದಲ ಔಷಧಿಯನ್ನು ಎಡೆಬಿಡದೆ ರಕ್ತನಾಳಕ್ಕೆ ಹನಿಸಿದರು. ಮಿದುಳಿನ ತೊಂದರೆಯಿದ್ದ 13 ಮಕ್ಕಳೂ ಚೇತರಿಸಿಕೊಂಡರು. ಕಳೆದುಕೊಂಡಿದ್ದ ಕೌಶಲಗಳು ಮರಳಿದವು. 1996ರಿಂದ ಹಲವು ಔಷಧಿಗಳನ್ನು ಸೇರಿಸಿ ಕೊಡುವ ಪದ್ಧತಿ ಬಂದ ಮೇಲೆ ತೀವ್ರ ಡಿಮೆನ್ಷಿಯ ಗಣನೀಯವಾಗಿ ಇಳಿಯಿತು. ನಮ್ಮಲ್ಲಿ ಉಚಿತ ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2023ರ ಅಂದಾಜಿನಂತೆ ದೇಶದಲ್ಲಿ ಸೋಂಕಿನೊಡನೆ ಬದುಕುತ್ತಿರುವವರು ಸುಮಾರು 25 ಲಕ್ಷ. ಅವರೀಗ ವಯಸ್ಸಾಗುವಷ್ಟು ಕಾಲ ಬದುಕುತ್ತಿದ್ದಾರೆ. ಮರೆವಿನ ಪ್ರಶ್ನೆ ಏಳುತ್ತಿರುವುದೂ ಅದರಿಂದಲೇ.

ವೈದ್ಯರು ಮೊದಲು ಏನು ಮಾಡಬಹುದು? ಅಮೆರಿಕದ ನೆಡ್ ಸ್ಯಾಕ್ಟರ್ ಮತ್ತು ಸಂಗಡಿಗರು 2005ರಲ್ಲಿ, ಉಗಾಂಡದಲ್ಲೂ ಪರೀಕ್ಷಿಸಿ ನೋಡಿ, ಕೆಲವೇ ನಿಮಿಷಗಳ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಓದುಬರಹ ಬಾರದವರಿಗೂ ಮಾಡಬಹುದು. ನಾಲ್ಕು ಪದ ಹೇಳುತ್ತಾರೆ: ನಾಯಿ, ಟೋಪಿ, ಅವರೆ, ಕೆಂಪು. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳನ್ನು 5 ಸೆಕೆಂಡಿನಲ್ಲಿ ಎಷ್ಟು ಸಲ ತಾಗಿಸುತ್ತೀರಿ ಎಂದು ಎಣಿಸುತ್ತಾರೆ. 15 ಸಲವಾದರೆ ಪೂರ್ತಿ ಅಂಕ. ಮುಷ್ಟಿ, ಅಂಗೈ, ಕೈಯಂಚು ಎಂದು ಮೇಜಿನ ಮೇಲೆ ಸರದಿಯಾಗಿ ಇಡಿಸುತ್ತಾರೆ. ಕೊನೆಗೆ ಆ ನಾಲ್ಕು ಪದ ಕೇಳುತ್ತಾರೆ. ಒಟ್ಟು 12 ಅಂಕ. 10 ಅಥವಾ ಕಡಿಮೆ ಬಂದರೆ ವಿವರವಾದ ಪರೀಕ್ಷೆಗೆ ಕಳುಹಿಸಬೇಕೆಂದು ಅರ್ಥ, ರೋಗವಿದೆ ಎಂದಲ್ಲ. ಇದನ್ನು ಮನೆಯಲ್ಲಿ ಮಾವನವರ ಮೇಲೆ ಮಾಡಿ ತೀರ್ಪು ಕೊಡಬೇಡಿ. (ನನ್ನ ಮೇಲೆ ನಾನೇ ಮಾಡಿಕೊಂಡೆ. ‘ಅವರೆ’ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.)

ಹೆತ್ತವರಿಗೆ ಒಂದು ಮಾತು. ಆ ಹುಡುಗಿ ಹೆಸರು ಹಾಕಬೇಡಿ ಎಂದದ್ದು ಸೋಂಕಿನ ಭಯದಿಂದಲ್ಲ, ನಮ್ಮ ಭಯದಿಂದ. ಮನೆಯಲ್ಲೊಬ್ಬರಿಗೆ ಎಚ್‌ಐವಿ ಇದೆ ಎಂದು ತಿಳಿದರೆ ಬೆಂಚಿನಲ್ಲಿ ಪಕ್ಕ ಕೂರುವವರು ಯಾರು ಎಂಬುದು ಅವಳ ಲೆಕ್ಕ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾಯಿದೆ ಶಾಲೆ, ಕೆಲಸ, ಆಸ್ಪತ್ರೆಗಳಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸಿದೆ. ಬೆಂಚಿನ ಮಟ್ಟಕ್ಕೆ ಕಾಯಿದೆ ಇಳಿಯಲು ಇನ್ನೂ ಸಮಯ ಬೇಕಾದೀತು.

ಅವಳಿಗೆ ಬೇರೆಯಾಗಿ ಉತ್ತರ ಬರೆದೆ. ಮಾತ್ರೆ ಒಂದು ದಿನವೂ ತಪ್ಪಬಾರದು. ಹಸಿರು ಪುಸ್ತಕವೋ ಬಿಳಿ ಚೀಟಿಯೋ, ಆಸ್ಪತ್ರೆಯವರು ಕೊಟ್ಟದ್ದೆಲ್ಲ ಜೊತೆಗಿರಲಿ. ಯಾವ ತಿಂಗಳಿನಿಂದ ಏನೇನು ಮರೆತರು, ಯಾವ ಕೆಲಸದಲ್ಲಿ ತಡವರಿಸಿದರು ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮರೆಯುವವರನ್ನು ಒಬ್ಬರನ್ನೇ ಕಳುಹಿಸಬೇಡಿ. ಹೋದ ವಾರ ಮತ್ತೊಂದು ಪತ್ರ ಬಂದಿದೆ. ಹಾಳೆ ತುಂಬಿದೆಯಂತೆ. ಜೊತೆಗೆ ಯಾರು ಹೋಗಬೇಕೆಂದು ಮನೆಯಲ್ಲಿ ಮಾತಾಯಿತಂತೆ, ಯಾರೂ ಒಪ್ಪಲಿಲ್ಲವಂತೆ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮರುದಿನ ತಾನೇ ಮಾವನ ಜೊತೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ ಎಂದು ಬರೆದಿದ್ದಾಳೆ. ಕೊನೆಯಲ್ಲಿ, ಕೆಂಪು ಶಾಯಿಯಲ್ಲಿ, ಸಿಸ್ಟೀನ್ ಮತ್ತು ಸೆರೀನ್‌ಗಳ ರಚನೆ ಬರೆದು ‘ಸರಿ ಇದೆಯಾ ಸಾರ್?’ ಎಂದು ಕೇಳಿದ್ದಾಳೆ. ಸೆರೀನ್‌ನಲ್ಲಿ ಒಂದು ಜಲಜನಕ ಬಿಟ್ಟುಹೋಗಿತ್ತು.